ಗಾಡಿ ಹೋದ ಮೇಲೆ ಪಾಳಿ ಕೇಳಬಾರದು

ನನ್ನ ಅತ್ತೆ ಮುದಕವ್ವನ ಬಲಗೈ ಮಣಿಕಟ್ಟು ಸೊಟ್ಟಗಿದೆ. ಆ ಕೈಯಿಂದಲೇ ಅವರು ನನ್ನ ಮಗಳು ಶೈಲಶ್ರೀಗೆ ಎರೆಯುತ್ತಿದ್ದರು. ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರಿನ ತಂಬಿಗೆ ಎತ್ತಿದಾಗ ಮಣಿಕಟ್ಟಿನ ಎಲುಬು ಕಟಕ್ ಎನ್ನುತ್ತಿತ್ತು. ಮೊದಮೊದಲು ಕೂಸು ಆ ಸದ್ದಿಗೆ ಬೆಚ್ಚುತ್ತಿತ್ತು. ಆಮೇಲೆ ಅದಕ್ಕೇ ಕಾಯತೊಡಗಿತು, ಕಟಕ್ ಎಂದರೆ ನಗುತ್ತಿತ್ತು.

ಆ ಕೈ ಮುರಿದದ್ದು ನಮ್ಮ ಮನೆಯ ಎದುರಿಗಿರುವ ಸ್ಟೇಷನ್ನಿನಲ್ಲಿ. ಮುರಿದವನು ಅವರ ಸ್ವಂತ ಅಣ್ಣ ಮೈಲಾರಲಿಂಗ. ಅವನು ಬೀಸಿದ ಕಬ್ಬಿಣದ ಹಾರೆಯ ಮುಂದಿನ ಏಟಿಗೆ ನನ್ನ ಮಾವ ಚಂದ್ರಪ್ಪನ ತಲೆ ಒಡೆಯಿತು. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನ ಮಾತು ಇದು. ಆದರೆ ಈ ಮನೆಯಲ್ಲಿ ಅದು ಹಳೆಯದಾಗಿರಲಿಲ್ಲ. ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಒಂದು ಕುಡಗೋಲು ಇತ್ತು. ವರ್ಷಕ್ಕೊಮ್ಮೆ, ಅಪ್ಪನ ತಿಥಿಯ ಮರುದಿನ, ನನ್ನ ಗಂಡ ಆನಂದ ಅದನ್ನು ಇಳಿಸಿ ಮಸೆದು ಮತ್ತೆ ಅಲ್ಲೇ ಇಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅದು ಯಾತಕ್ಕೆ ಎಂದು ಕೇಳಿದ್ದೆ. “ಮೈಲಾರಲಿಂಗ ಮಾವ ಜೈಲಿಂದ ಬಿಡುಗಡಿ ಆಗಿ ಬರ್ತಾನಲ್ಲ, ಅದಕ್ಕ” ಎಂದರು, ಹಬ್ಬಕ್ಕೆ ಬರುವ ಬೀಗರ ಮಾತು ಆಡಿದ ಹಾಗೆ.

ಸ್ಟೇಷನ್ ಎಂದರೆ ದೊಡ್ಡದೇನಲ್ಲ. ಸವಣೂರು ತಾಲೂಕಿನ ಎರಡು ಸಣ್ಣ ಊರುಗಳ ನಡುವೆ ಒಂದು ಕಲ್ಲಿನ ಕಟ್ಟೆ, ಟಿಕೀಟು ಕೊಡುವ ಒಂದು ಖೋಲಿ, ಒಂದು ಬೋರಿಂಗು, ಒಂದು ಬೇವಿನಗಿಡ. ಹಳಿಯ ಪಡುವಲಿಗೆ ನಮ್ಮ ಮುತ್ತಲಕೊಪ್ಪ, ಮೂಡಲಿಗೆ ಗೊಜ್ಜಿಹಾಳ. ಮುಂಜಾನೆ ಒಂದು, ಸಂಜೆ ಒಂದು ಪ್ಯಾಸೆಂಜರ್ ಒಂದು ನಿಮಿಷ ನಿಲ್ಲುತ್ತಿತ್ತು. ಡಬಲ್ ಲೈನ್ ಬಂದ ಮೇಲೆ ಆ ಒಂದು ನಿಮಿಷವನ್ನೂ ತೆಗೆದರು. ಖೋಲಿಯ ಬಾಗಿಲು, ಕಿಟಕಿ, ಹೆಂಚು ಒಂದೊಂದಾಗಿ ಯಾರ ಯಾರ ಮನೆಗೋ ಹೋದವು. ಕಲ್ಲಿನ ಕಟ್ಟೆ ಮಾತ್ರ ಉಳಿದಿದೆ. ಅದರ ಮೇಲೆ ನಾವು ಗೋಧಿ, ಮೆಣಸಿನಕಾಯಿ ಒಣಗಿಸುತ್ತೇವೆ.

ಜಗಳ ಹುಟ್ಟಿದ್ದು ಸ್ಟೇಷನ್ನಿನ ಜೊತೆಗೇ. ಅರ್ಜಿ ಕೊಟ್ಟು, ಓಡಾಡಿ, ಸ್ಟೇಷನ್ ತಂದವರು ಗೊಜ್ಜಿಹಾಳದವರು. ಜಾಗ ಬಿಟ್ಟುಕೊಟ್ಟವರು ಮುತ್ತಲಕೊಪ್ಪದವರು. ಬೋರ್ಡಿನ ಮೇಲೆ ಬಂದ ಹೆಸರು ಗೊಜ್ಜಿಹಾಳದ್ದು. ಬೋರ್ಡು ಹಾಕಿದ ವಾರದಲ್ಲೇ ನಮ್ಮ ಊರಿನವರು ಅದಕ್ಕೆ ಡಾಂಬರು ಬಳಿದರು. ರೈಲ್ವೆಯವರು ಮತ್ತೆ ಬರೆಸಿದರು, ಇವರು ಮತ್ತೆ ಬಳಿದರು. ಒಮ್ಮೆ ಗೊಜ್ಜಿಹಾಳದ ಒಬ್ಬ ಗಾಡಿಯಿಂದ ಇಳಿದು ಕಟ್ಟೆಯ ಮೇಲೆ ನಿಂತು, ತನ್ನ ಊರ ಹೆಸರನ್ನು ಜೋರಾಗಿ ಓದಿದನಂತೆ. ನಮ್ಮ ಹುಡುಗರು ಅವನನ್ನು ಕೆಡವಿ, ತುಳಿದು, ಒಂದು ಕಿವಿ ಹರಿದು ಕೈಗೆ ಕೊಟ್ಟು ಕಳಿಸಿದರು. ಅವತ್ತು ಗೊಜ್ಜಿಹಾಳದವರು ತಮ್ಮ ಊರ ಗುಡಿಯಲ್ಲಿ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದರು: ಇನ್ನು ಮೇಲೆ ಆ ಕಟ್ಟೆಯ ಮೇಲೆ ನಮ್ಮ ಊರಿನವರ ಕಾಲು ಬೀಳುವುದಿಲ್ಲ.

ಬೀಳಲೂ ಇಲ್ಲ. ಅವರು ಗಾಡಿಯ ಆಚೆ ಬದಿಯ ಬಾಗಿಲಿನಿಂದ ಹಳಿ ಪಕ್ಕದ ಖಡಿಕಲ್ಲಿನ ಮೇಲೆ ಧುಮುಕುತ್ತಿದ್ದರು. ಬಸುರಿಯರನ್ನು ಕೈಹಿಡಿದು ಇಳಿಸುತ್ತಿದ್ದರು, ಕೂಸುಗಳನ್ನು ಬುಟ್ಟಿಯಂತೆ ಕೆಳಗಿನವರ ಕೈಗೆ ಎಸೆಯುತ್ತಿದ್ದರು. ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡರೂ ಆಣೆ ಮುರಿಯಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಅತ್ತೆಯಂದಿರು ಕಲಿಸುತ್ತಿದ್ದ ಮೊದಲ ಪಾಠ ಅದೇ: ಊರು ಬಂದಾಗ ಯಾವ ಬಾಗಿಲಿಗೆ ನಿಲ್ಲಬೇಕು ಎಂಬುದು.

ನನ್ನ ಅತ್ತೆ ಹುಟ್ಟಿದ್ದು ಗೊಜ್ಜಿಹಾಳದಲ್ಲಿ. ಅವ್ವ ಬೇಗ ಸತ್ತಳು, ಸಾಕಿದವನು ಅಣ್ಣ. ತಂಗಿ ಕಣ್ಣಳತೆಯಲ್ಲಿ ಇರಲಿ ಎಂದು ಅವನೇ ಹಟ ಹಿಡಿದು ಹಳಿಯ ಈಚೆಗೆ ಕೊಟ್ಟ. ಎರಡೂ ಊರಿನವರು ಅವನನ್ನು ಬೈದರು. ಪ್ರತಿ ವರ್ಷ ಪಂಚಮಿಗೆ ಅವನು ಹಳಿಯ ಆಚೆ ಬದಿಗೆ ಬಂದು ನಿಂತು, ಕಟ್ಟೆಗೆ ಕಾಲಿಡದೆ, “ಮುದಕೀ, ಹೊಂಡ” ಎಂದು ತವರಿಗೆ ಹೊರಡಲು ಕೂಗುತ್ತಿದ್ದ. ಅತ್ತೆ ಟ್ರಂಕು ಹೊತ್ತು ಕಟ್ಟೆ ಇಳಿದು ಹಳಿ ದಾಟುತ್ತಿದ್ದರು. ಆಚೆ ದಂಡೆಯಲ್ಲಿ ಅವನು ಟ್ರಂಕು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಜೋಕಾಲಿ ಆಡಿ, ಉಡಿ ತುಂಬಿಸಿಕೊಂಡು, ಅವರು ಅದೇ ಹಾದಿಯಲ್ಲಿ ಮರಳುತ್ತಿದ್ದರು.

ಎರಡೂ ಊರುಗಳಿಗೆ ಅನ್ನ ಹಾಕುತ್ತಿದ್ದದ್ದು ವೀಳ್ಯದೆಲೆಯ ತೋಟ. ಸಂಜೆಯ ಪ್ಯಾಸೆಂಜರಿಗೆ ಎಲೆಯ ಬುಟ್ಟಿಗಳು ಹೋಗಬೇಕು. ಇಲ್ಲದಿದ್ದರೆ ಮರುದಿನ ಹೊತ್ತು ಏರುವುದರೊಳಗೆ ಎಲೆ ಕರಿಯಾಗುತ್ತದೆ. ನನ್ನ ಮಾವ ಚಂದ್ರಪ್ಪ ಈ ಊರಿನ ಬುಟ್ಟಿ ಏರಿಸುವ ಹಮಾಲ, ಮೈಲಾರಲಿಂಗ ಆ ಊರಿನ ಹಮಾಲ. ಅತ್ತೆಯ ಕೆಲಸ ಬುಟ್ಟಿಗಳಿಗೆ ನೀರು ಹೊಡೆಯುವುದು. ಬೋರಿಂಗಿನಿಂದ ಕೊಡ ತುಂಬಿ, ಈ ಬದಿಯ ಬುಟ್ಟಿಗೆ ಎಷ್ಟು ನೀರೋ ಹಳಿ ದಾಟಿ ಆ ಬದಿಯ ಬುಟ್ಟಿಗೂ ಅಷ್ಟೇ ನೀರು. ಎರಡೂ ಊರಿನವರು ತಂತಮ್ಮ ಬುಟ್ಟಿಗೆ ಕಡಿಮೆ ಆಯಿತು ಎಂದು ಅನುಮಾನ ಪಡುತ್ತಿದ್ದರಂತೆ.

ಗಾಡಿಯಲ್ಲಿ ಸಾಮಾನಿನ ಡಬ್ಬಿ ಒಂದೇ. ಅದಕ್ಕೆ ಎರಡೂ ಬದಿಗೆ ಬಾಗಿಲು. ಇವರು ಈ ಬಾಗಿಲಿನಿಂದ ನೂಕಿದ ಬುಟ್ಟಿ ಆ ಬಾಗಿಲಿನಿಂದ ಹೊರಗೆ ಬೀಳುತ್ತಿತ್ತು. ಅವರು ಆ ಕಡೆಯಿಂದ ನೂಕಿದ್ದು ಈ ಕಡೆಗೆ. ಬಿದ್ದ ಬುಟ್ಟಿಗೊಂದು ಹಲ್ಲು, ಒಡೆದ ಬುಟ್ಟಿಗೊಂದು ತಲೆ. ಇದಕ್ಕೆ ಪಾಳಿ ಹಚ್ಚಿದವರು ಮುಬಶೀರ ಚಾಚಾ. ಸವಣೂರಿನವರು, ಕಮಿಷನ್ ಮೇಲೆ ಟಿಕೀಟು ಮಾರುತ್ತಿದ್ದರು, ಎರಡೂ ಊರಿಗೆ ಸೇರದವರು. ನನಗೆ ಈ ಕಥೆಯ ಅರ್ಧ ಹೇಳಿದವರೂ ಅವರೇ. ಅವರ ಪಾಳಿ ಸರಳ. ಒಂದು ದಿನ ಈ ಊರಿನ ಬುಟ್ಟಿ ಮೊದಲು, ಮರುದಿನ ಆ ಊರಿನದು. ಪಾಳಿ ಇದ್ದವರು ಏರಿಸಿದ ಮೇಲೆ ಜಾಗ ಉಳಿದರೆ ಮತ್ತೊಬ್ಬರು. ಇನ್ನೊಂದು ಕಟ್ಟಳೆಯನ್ನೂ ಅವರೇ ಮಾಡಿದರು: ಗಾಡಿ ಹೋದ ಮೇಲೆ ಪಾಳಿ ಕೇಳಬಾರದು. ಬುಟ್ಟಿ ಏರಲಿ ಬಿಡಲಿ, ಗಾಡಿ ಸಿಗ್ನಲ್ ಕಂಬ ದಾಟಿತು ಎಂದರೆ ಅವತ್ತಿನ ಜಗಳ ಮುಗಿಯಿತು. ಯಾರೂ ಬಾಯಿ ಬಿಡಬಾರದು, ಕೈ ಎತ್ತಬಾರದು. ಎರಡೂ ಊರಿನ ಹಮಾಲರು ಎಷ್ಟು ಸಿಟ್ಟಿನಲ್ಲಿದ್ದರೂ ಗಾಡಿಯ ಬೆನ್ನು ಕಂಡ ಕೂಡಲೇ ಬೀಡಿ ಹಚ್ಚಿ ಕೂಡುತ್ತಿದ್ದರು, ಒಬ್ಬರು ಕಟ್ಟೆಯ ಮೇಲೆ, ಒಬ್ಬರು ಆಚೆ ದಂಡೆಯ ಮೇಲೆ. ಈ ಕಟ್ಟಳೆ ಬಹಳ ವರ್ಷ ನಡೆಯಿತು.

ಮುರಿದದ್ದು ಒಂದು ದಿನ ಗಾಡಿಯೇ ಬಾರದ್ದರಿಂದ. ಮುಂದೆಲ್ಲೋ ಹಳಿ ಕುಸಿದು ಸಂಜೆಯ ಪ್ಯಾಸೆಂಜರ್ ರದ್ದಾಯಿತು. ಅವತ್ತು ಪಾಳಿ ಮುತ್ತಲಕೊಪ್ಪದ್ದು. ಮರುದಿನ ಎರಡೂ ಕಡೆ ಎರಡು ದಿನದ ಬುಟ್ಟಿಗಳು ಕುಳಿತವು, ನಿನ್ನೆಯ ಎಲೆಯ ಅಂಚು ಆಗಲೇ ಕಂದುತ್ತಿತ್ತು. ಗಾಡಿ ಬಾರದಿದ್ದರೆ ಪಾಳಿ ತೀರಿದ ಹಾಗೋ, ಉಳಿದ ಹಾಗೋ? ತಮ್ಮ ಪಾಳಿ ಇನ್ನೂ ಬಾಕಿ ಎಂದು ಇವರು, ಪಾಳಿ ದಿನದ್ದೇ ಹೊರತು ಗಾಡಿಯದ್ದಲ್ಲ ಎಂದು ಅವರು. ಚಾಚಾ ಅರ್ಧ ಅರ್ಧ ಏರಿಸಿ ಎಂದರೆ ಇಬ್ಬರೂ ಅವರನ್ನೇ ಬೈದರು. ಅತ್ತೆ ಸುಮ್ಮನೆ ಎರಡೂ ಕಡೆ ನೀರು ಹೊಡೆಯುತ್ತಿದ್ದರು. ಗಾಡಿ ಬಂತು.

ಎರಡೂ ಬಾಗಿಲಿನಿಂದ ಒಮ್ಮೆಲೇ ನೂಕಿದರು. ಒಂದು ಬುಟ್ಟಿ ಜಾರಿ ನನ್ನ ಮಾವನ ಎದೆಗೆ ಬಡಿಯಿತು. ಅವರು ಡಬ್ಬಿಯೊಳಗಿಂದಲೇ ಹಾಯ್ದು ಆಚೆ ಬದಿಗೆ ಇಳಿದು, ಗೊಜ್ಜಿಹಾಳದ ಬುಟ್ಟಿಯ ಹಗ್ಗವನ್ನು ಕುಡಗೋಲಿನಿಂದ ಕೊಯ್ದರು. ಎಲೆ ಖಡಿಯ ಮೇಲೆ ಚೆಲ್ಲಿತು. ಅಲ್ಲಿಗೇ ನಿಂತಿದ್ದರೆ ಒಂದು ಹಲ್ಲಿಗೆ ಮುಗಿಯುತ್ತಿತ್ತು ಎಂದು ಚಾಚಾ ಇವತ್ತಿಗೂ ಹೇಳುತ್ತಾರೆ. ಆದರೆ ನನ್ನ ಮಾವ ಚಪ್ಪಲಿ ಕಾಲಿನಿಂದ ಆ ಎಲೆಯನ್ನು ತುಳಿದರು. ಒಮ್ಮೆಯಲ್ಲ, ಕಣ ತುಳಿದ ಹಾಗೆ ತುಳಿದರು. ಎಲೆ ಬೆಳೆಯುವವರು ತೋಟಕ್ಕೆ ಚಪ್ಪಲಿ ಬಿಟ್ಟು ಹೋಗುವ ಜನ. ಉದುರಿದ ಎಲೆಯನ್ನು ದಾಟಿ ನಡೆಯುವ ಜನ. ಹಳಿ ಕೆಲಸದವರ ಹಾರೆ ಅಲ್ಲೇ ಬಿದ್ದಿತ್ತು. ಮೈಲಾರಲಿಂಗ ಅದನ್ನು ಎತ್ತಿದ.

ಅತ್ತೆ ಕೊಡ ಬಿಟ್ಟು ಡಬ್ಬಿಯೊಳಗಿಂದ ಓಡಿ ಇಬ್ಬರ ನಡುವೆ ಕೈ ಒಡ್ಡಿದರು. ಮೊದಲ ಏಟು ಆ ಕೈಗೆ. ಎರಡನೆಯದು ಗಂಡನ ತಲೆಗೆ. ಮೂರನೆಯದೂ ಬಿತ್ತು, ಆಗ ನನ್ನ ಮಾವ ಆಗಲೇ ಕೆಳಗೆ ಬಿದ್ದಿದ್ದರು. ಗಾರ್ಡಿಗೆ ಏನು ಕಂಡಿತೋ ಇಲ್ಲವೋ, ಸೀಟಿ ಊದಿದ. ಗಾಡಿ ಒಂದೂ ಬುಟ್ಟಿ ಇಲ್ಲದೆ ಹೋಯಿತು. ಹೈಸ್ಕೂಲಿಗೆ ಹೋಗುತ್ತಿದ್ದ ಆನಂದ ಅವತ್ತು ಕಟ್ಟೆಯ ಮೇಲೆ ಬೋರ್ಡಿನ ಬುಡದಲ್ಲಿ ಕುಳಿತಿದ್ದ. ಡಬ್ಬಿಗಳು ಒಂದೊಂದಾಗಿ ಸರಿದು ಕೊನೆಯದೂ ದಾಟಿದ ಮೇಲೆ ಆಚೆ ಬದಿಯಲ್ಲಿ ಅವನಿಗೆ ಕಂಡದ್ದು ಎಲೆಯ ಮೇಲೆ ಬಿದ್ದ ಅಪ್ಪ, ಪಕ್ಕದಲ್ಲಿ ಮುರಿದ ಕೈ ಹಿಡಿದು ಕುಳಿತ ಅವ್ವ, ಹಾರೆ ಊರಿಕೊಂಡು ನಿಂತ ಮಾವ. ಗಾಡಿ ಹೋಗಿದ್ದರಿಂದ ಯಾರೂ ಕೈ ಎತ್ತಲಿಲ್ಲ. ಕಟ್ಟಳೆ ಅಷ್ಟರ ಮಟ್ಟಿಗೆ ಮೈಯಲ್ಲಿ ಇಳಿದಿತ್ತು.

ಹಾವೇರಿಯ ಕೋರ್ಟಿನಲ್ಲಿ ಅತ್ತೆಯೇ ಮುಖ್ಯ ಸಾಕ್ಷಿ. ಗಂಡ ಹೋದ, ಅಣ್ಣನೂ ಹೋದರೆ ಪಂಚಮಿಗೆ ಯಾರು ಕರೆಯಬೇಕು, ಉಡಿ ಯಾರು ತುಂಬಬೇಕು ಎಂದು ತವರಿನ ಹೆಂಗಸರು ಬಂದು ಅತ್ತರು. ಎಲೆ ತುಳಿದ ಮಾತು ಎತ್ತಬೇಡ ಎಂದು ನಮ್ಮ ಊರಿನವರು ಕಣ್ಣು ಕೆಂಪಗೆ ಮಾಡಿದರು. ಅತ್ತೆ ಹೊಡೆದವನ ಹೆಸರನ್ನೂ ಹೇಳಿದರು, ಎಲೆ ತುಳಿದದ್ದನ್ನೂ ಹೇಳಿದರು. ಅವರ ಸಾಕ್ಷಿಯ ಮೇಲೆ ಮೈಲಾರಲಿಂಗ ಬೆಳಗಾವಿಯ ಜೈಲು ಸೇರಿದ. ಹೀಗಾಗಿ ಎರಡೂ ಊರು ಅವರನ್ನು ಬಿಟ್ಟವು. ಹಳಿಯ ಆಚೆಯಿಂದ ಪಂಚಮಿಯ ಕೂಗು ನಿಂತಿತು. ಈಚೆ ಭಾವಂದಿರು ಬಾಗಿಲು ಹಾಕಿಕೊಂಡರು. ಮಗನ ಕೈಹಿಡಿದು ಅವರು ಸ್ಟೇಷನ್ನಿನ ಎದುರಿಗೆ ತಗಡಿನ ಮನೆ ಹಾಕಿಕೊಂಡರು. ಸೊಟ್ಟ ಕೈಯಿಂದಲೇ ಮತ್ತೆ ಕೊಡ ಎತ್ತಿ ಬುಟ್ಟಿಗಳಿಗೆ ನೀರು ಹೊಡೆದರು, ಎರಡೂ ಬದಿಗೆ. ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬುಟ್ಟಿಯವರಿಗೂ ಬೇರೆ ಆಳು ಸಿಗುತ್ತಿರಲಿಲ್ಲ.

ಆಮೇಲೆ ಡಬಲ್ ಲೈನ್ ಬಂತು. ಎರಡನೇ ಹಳಿ ಹಾಕಿದ್ದು ಮೂಡಲ ಬದಿಗೆ, ಗೊಜ್ಜಿಹಾಳದವರು ಧುಮುಕುತ್ತಿದ್ದ ಜಾಗದಲ್ಲೇ. ಹೊಸ ಹಳಿಯ ಮೇಲೆ ಮೊದಲ ವರ್ಷವೇ ಇಬ್ಬರು ಸತ್ತರು, ಆಣೆ ಮುರಿಯದೆ. ಅವರ ಮೈಯ ತುಣುಕು ಆರಿಸಿ ಗೋಣಿಯಲ್ಲಿ ಕಟ್ಟಿದವರು ಇದೇ ಅತ್ತೆ. ಅದರ ಹಿಂದೆಯೇ ನಿಲುಗಡೆ ತೆಗೆದರು. ನನ್ನ ಗಂಡ ಒಂದು ಸಣ್ಣ ಸಾಮಾನಿನ ಮೋಟಾರು ಗಾಡಿ ತೆಗೆದುಕೊಂಡು ಬುಟ್ಟಿಗಳನ್ನು ಹುಬ್ಬಳ್ಳಿಗೆ ಒಯ್ಯತೊಡಗಿದರು, ಮುತ್ತಲಕೊಪ್ಪದ ಬುಟ್ಟಿ ಮಾತ್ರ. ಅದೇ ಹೊತ್ತಿಗೆ ನಾನು ಈ ಮನೆಗೆ ಬಂದೆ.

ಹೋದ ಆಷಾಢದ ಕೊನೆಯಲ್ಲಿ ಮುಬಶೀರ ಚಾಚಾ ಬಂದು ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಚಹಾ ಕೊಟ್ಟೆ. ಮೈಲಾರಲಿಂಗನ ಬಿಡುಗಡೆ ಆಗುತ್ತದೆ, ಪಂಚಮಿಯ ಹೊತ್ತಿಗೆ ಬರಬಹುದು ಎಂದರು. ಅತ್ತೆ ಕೂಸಿನ ತಲೆಗೆ ಎಣ್ಣೆ ಹಾಕುತ್ತಿದ್ದವರು ಹಾಕುತ್ತಲೇ ಇದ್ದರು. ಗುರುವಾರ ಅತ್ತೆ, ಚಾಚಾ ಇಬ್ಬರೂ ಹುಲಗೂರಿನ ದರ್ಗಾಕ್ಕೆ ಹರಕೆಯ ಸಕ್ಕರೆ ಓದಿಸಲು ಹೋಗುತ್ತೇವೆ ಎಂದು ಹೊರಟರು. ಮರಳಿ ಬಂದದ್ದು ಮರುದಿನ. ಕಾಲಿನ ಧೂಳು ಹುಲಗೂರಿನದಲ್ಲ ಎಂದು ನನಗೆ ಗೊತ್ತಾಯಿತು, ಕೇಳಲಿಲ್ಲ.

ಅದರ ಮರುದಿನ ಊಟಕ್ಕೆ ಕುಳಿತಾಗ ಅತ್ತೆ ಮಗನಿಗೆ ರೊಟ್ಟಿ ಹಾಕುತ್ತಾ ಹೇಳಿಬಿಟ್ಟರು. “ನಿಮ್ಮ ಮಾವ ರೊಟ್ಟಿ ಪಂಚಮಿ ದಿನ ಸಂಜೀ ಗಾಡಿಗೆ ಬರ್ತಾನ. ಸೇತುವಿ ಕೆಲಸ ನಡದೈತಲ್ಲ, ಗಾಡಿ ಸಾವಕಾಶ ಹೋಗ್ತತಿ. ಇಲ್ಲೇ ಇಳೀತಾನ.”

ನಮ್ಮವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಅಟ್ಟ ಹತ್ತಿದರು.

ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿತ್ತಲಿಗೆ ಕರೆದು ಕೇಳಿದೆ. “ಯಾಕ ಹೇಳಿದ್ರಿ ಅತ್ತಿ? ಬಸ್ಸಿಗೆ ಬಂದು ಸುಮ್ಮನ ಗೊಜ್ಜಿಹಾಳಕ್ಕ ಹೋಗಿದ್ರ ಏನಾಗ್ತಿತ್ತು?”

“ಆನಂದ ಗೊಜ್ಜಿಹಾಳಕ್ಕ ಹೋಗಿ ಹೊಡೀತಿದ್ದ. ಅಲ್ಲೆ ಇವನ್ನ ನಾಕ ಮಂದಿ ಹೊಡೀತಿದ್ರು” ಎಂದರು ಅತ್ತೆ. “ಸಿಟ್ಟಿಗೆ ಒಂದ ಜಾಗಾ ತೋರಿಸಬೇಕ ಭಾಗ್ಯಾ. ತೋರಿಸದಿದ್ರ ಅದು ಊರೆಲ್ಲಾ ತಿರಗತತಿ.”

ಆಮೇಲೆ ದನಿ ಇಳಿಸಿ ಉಳಿದದ್ದನ್ನು ಹೇಳಿದರು. ಆನಂದ ಕಾಯುವುದು ಆಚೆ ದಂಡೆಯಲ್ಲೇ. ಗೊಜ್ಜಿಹಾಳದವರು ಇಳಿಯುವುದು ಆ ಬದಿಗೆ ಎಂಬುದು ನಾಯಿಗೂ ಗೊತ್ತು. ಅದಕ್ಕೇ ಅವರು ಬೆಳಗಾವಿಯ ಜೈಲಿಗೆ ಹೋಗಿ, ಅಷ್ಟು ವರ್ಷಗಳ ಮೇಲೆ ಅಣ್ಣನ ಮುಖ ನೋಡಿ ಬಂದಿದ್ದರು. ಸರಳಿನ ಆಚೆಗೆ ಅವನು ಅತ್ತನಂತೆ. ಇವರು ಅಳಲಿಲ್ಲ. ಅತ್ತಲಾಗಿನ ಬಾಗಿಲಿಗೆ ಇಳಿದರೆ ಹೊಸ ಹಳಿಯ ಗಾಡಿಗೆ ಸಾಯುತ್ತೀ, ಅದು ತಪ್ಪಿದರೆ ನನ್ನ ಮಗನ ಕೈಯಲ್ಲಿ ಸಾಯುತ್ತೀ, ಆದ್ದರಿಂದ ಕಟ್ಟೆಗೆ ಇಳಿ ಎಂದು ಹೇಳಿದರಂತೆ. ಅವನು ಆಣೆಯ ಮಾತು ತೆಗೆದನಂತೆ. ಆ ಆಣೆಗೆ ಇಬ್ಬರು ಸತ್ತ ಸುದ್ದಿ, ಅವರ ತುಣುಕುಗಳನ್ನು ತಾವು ಆರಿಸಿದ ಸುದ್ದಿ ಹೇಳಿ ಇವರು ಎದ್ದು ಬಂದರಂತೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

“ಇಳದ ಮ್ಯಾಲೆ?” ಎಂದು ಕೇಳಿದೆ.

“ಇಳೀಲಿ ಮೊದಲ” ಎಂದು ಅತ್ತೆ ಬಟ್ಟೆ ಒಣಹಾಕಲು ಹೋದರು.

ನಾನು ನಮ್ಮವರನ್ನು ಬಿಡಲಿಲ್ಲ. ಅವರು ಹಿತ್ತಲಿನ ಕಲ್ಲಿಗೆ ನೀರು ಹನಿಸಿ ಕುಡಗೋಲು ಮಸೆಯುತ್ತಿದ್ದರೆ, ನಾನು ಎದುರಿಗೆ ಕೂಸನ್ನು ಹಾಕಿಕೊಂಡು ಕುಳಿತೆ. ಇವಳು ಹೈಸ್ಕೂಲು ಮುಗಿಸುವ ಹೊತ್ತಿಗೆ ನೀವು ಬೆಳಗಾವಿಯಿಂದ ಬರುತ್ತೀರಿ, ಅವಳ ಮದುವೆಯ ಮಾತಿಗೆ ಯಾರು ಬಾಗಿಲಿಗೆ ಬರುತ್ತಾರೆ, ನಿಮ್ಮ ಗಾಡಿ ಯಾರು ಓಡಿಸುತ್ತಾರೆ, ನಾನೂ ಅತ್ತೆಯ ಹಾಗೆ ಕೊಡ ಹೊರಲೋ ಎಂದೆಲ್ಲ ಕೇಳಿದೆ. ಅವರು ಕಲ್ಲಿಗೆ ಮತ್ತೆ ನೀರು ಹನಿಸಿದರು.

“ನಮ್ಮಪ್ಪನ ತಲಿಯೊಳಗಿಂದು ಎಲಿ ಮ್ಯಾಲ ಬಿದ್ದಿತ್ತು” ಎಂದರು ಕೊನೆಗೆ. “ನಾ ಅದನ್ನ ಕೈಲೆ ತುಂಬೇನಿ. ನೀ ತುಂಬಿಲ್ಲ. ಸುಮ್ಮನಿರು.”

ಕುಡಗೋಲನ್ನು ಕದ್ದು ಬಾವಿಗೆ ಹಾಕುವ ಯೋಚನೆ ಬಂತು. ಊರಿನಲ್ಲಿ ಮನೆಗೊಂದು ಕುಡಗೋಲು ಇದೆ. ಪೊಲೀಸರಿಗೆ ಹೇಳುವ ಯೋಚನೆಯೂ ಬಂತು. ಅವರು ನಮ್ಮವರನ್ನು ಒಂದು ದಿನ ಕೂಡಿಹಾಕಿ ಬಿಟ್ಟಾರು, ಮೈಲಾರಲಿಂಗ ಮಾತ್ರ ಇನ್ನು ಇಲ್ಲೇ ಇರುವವನು. ಅತ್ತೆ ಹೇಳಿದ ಕಟ್ಟೆಯ ಮಾತೊಂದೇ ನನಗೆ ಹಿಡಿಯಲು ಸಿಕ್ಕ ಕೊಂಬೆ. ಆದರೆ ಅದು ಆ ಮನುಷ್ಯ ಯಾವ ಬಾಗಿಲಿಗೆ ಇಳಿಯುತ್ತಾನೆ ಎಂಬುದರ ಮೇಲೆ ನಿಂತಿತ್ತು.

ಪಂಚಮಿ ಹಬ್ಬದ ಮೊದಲ ದಿನವಾದ ರೊಟ್ಟಿ ಪಂಚಮಿಗೆ ಮನೆಯಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿ ಎಲ್ಲ ಆಯಿತು. ಯಾರ ಮನೆಗೂ ಬೀರಲಿಲ್ಲ. ಹೊತ್ತು ಇಳಿಯುವಾಗ ನಮ್ಮವರು ಗೋಣಿಚೀಲ ಹಿಡಿದು ಹಳಿ ದಾಟಿ, ಎರಡನೇ ಹಳಿಯನ್ನೂ ದಾಟಿ, ಆಚೆ ದಂಡೆಯ ಜಾಲಿಕಂಟಿಯ ಹಿಂದೆ ಕುಳಿತದ್ದು ನನಗೆ ಬಾಗಿಲಿನಿಂದಲೇ ಕಂಡಿತು. ಕೂಸನ್ನು ಪಕ್ಕದ ಮನೆಯ ಹುಚ್ಚವ್ವನ ಮಡಿಲಿಗೆ ಹಾಕಿದೆ. ಹಾಲು ಕುಡಿಸಿಯೇ ಕೊಟ್ಟೆ, ಎಷ್ಟು ಹೊತ್ತಾಗುತ್ತದೋ ಎಂದು.

ಅತ್ತೆ ಕಟ್ಟೆಯ ಮೇಲೆ, ಹಿಂದೆ ಬೋರ್ಡು ಇದ್ದ ಜಾಗದಲ್ಲಿ ನಿಂತಿದ್ದರು. ಕೈಯಲ್ಲಿ ನನ್ನ ಮಾವನ ಬಡಿಗೆ. ಬುಟ್ಟಿಗಳನ್ನು ಡಬ್ಬಿಯೊಳಗೆ ಒತ್ತಲು ಅವರು ಇಟ್ಟುಕೊಂಡಿದ್ದ ಜಾಲಿಯ ಬಡಿಗೆ ಅದು, ನಾವು ಬಟ್ಟೆ ಒಣಹಾಕಲು ಬಳಸುತ್ತಿದ್ದೆವು. ಮೊಣಕಾಲು ನೋವಿಗೆ ಊರಲು ತಂದಿದ್ದಾರೆ ಎಂದುಕೊಂಡೆ.

ಪ್ಯಾಸೆಂಜರ್ ಬಂತು. ಸೇತುವೆಯ ಕೆಲಸಕ್ಕಾಗಿ ಅದು ಮನುಷ್ಯ ನಡೆಯುವ ಹಾಗೆ ನಡೆಯುತ್ತಿತ್ತು. ಅದೇ ಹೊತ್ತಿಗೆ ಆಚೆ ಹಳಿಯಲ್ಲಿ ಎದುರಿನಿಂದ ಗೂಡ್ಸ್ ಗಾಡಿಯ ಸೀಟಿ ಕೇಳಿಸಿತು. ನಾನು ಡಬ್ಬಿಗಳ ಬಾಗಿಲು ನೋಡುತ್ತಾ ಓಡಿದೆ. ಮೂರನೆಯದೋ ನಾಲ್ಕನೆಯದೋ ಡಬ್ಬಿಯಲ್ಲಿ ತಲೆ ನೆರೆತ ಒಬ್ಬ ಮನುಷ್ಯ ನಿಂತಿದ್ದ. ನಿಂತದ್ದು ಆಚೆ ಬಾಗಿಲಿನಲ್ಲಿ. ಬೆನ್ನು ನಮ್ಮ ಕಡೆಗೆ.

ಅತ್ತೆಗೂ ಕಂಡಿತು. “ಅಣ್ಣಾ” ಎಂದು ಕೂಗಿದರು. ಅವನು ತಿರುಗಲಿಲ್ಲ. ಒಂದು ಕಾಲು ಮೆಟ್ಟಿಲಿಗೆ ಇಳಿಯಿತು. ಅತ್ತೆ ಗಾಡಿಯ ಜೊತೆಗೇ ನಡೆಯುತ್ತಾ, ಅವನು ಒಂದು ಕಾಲಕ್ಕೆ ಕೂಗುತ್ತಿದ್ದ ದನಿಯಲ್ಲೇ ಕೂಗಿದರು: “ನಾ ಇಲ್ಲೆ ನಿಂತೇನಿ. ಹೊಂಡ.”

ಗೂಡ್ಸಿನ ಇಂಜಿನ್ನು ಆಚೆ ಬಾಗಿಲಿನ ಬೆಳಕನ್ನು ಹೊಡೆದುಕೊಂಡು ಹೋಯಿತು. ಅವನ ಅಂಗಿ ಗಾಳಿಗೆ ಉಬ್ಬಿತು. ಒಂದು ಗಳಿಗೆ ಅವನು ಹೋದ ಎಂದೇ ತಿಳಿದೆ. ಆಮೇಲೆ ಡಬ್ಬಿಯೊಳಗೆ ತಡವರಿಸುತ್ತಾ ಈಚೆ ಬಾಗಿಲಿಗೆ ಬಂದ. ಕಟ್ಟೆಯ ಕೊನೆಯ ಕಲ್ಲು ಬರುತ್ತಿತ್ತು. ಇಳಿದ.

ಕಾಲು ಊರಿದವನೇ ಬಗ್ಗಿ ಕಲ್ಲನ್ನು ನೋಡಿದ, ಕಾಲು ಸುಡುತ್ತದೆಯೋ ಎನ್ನುವ ಹಾಗೆ. ಕೈಯಲ್ಲಿ ಒಂದು ಚೀಲ, ಇನ್ನೊಂದು ಕೈಯಲ್ಲಿ ಅಂಗಡಿಯಲ್ಲಿ ಕೊಂಡ ಪಂಚಮಿ ಉಂಡಿಯ ಪೊಟ್ಟಣ. ತಂಗಿಗೆ ಪೊಟ್ಟಣ ನೀಡಿದ. ಅತ್ತೆ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಬೇವಿನಗಿಡದ ಬುಡದಲ್ಲಿ ಇರುವೆ ಇಲ್ಲದ ಜಾಗ ನೋಡಿ ಇಟ್ಟು, ಮರಳಿ ಬಂದು, ಬಡಿಗೆಯನ್ನು ಎರಡೂ ಕೈಯಿಂದ ಎತ್ತಿ ಅವನ ಹೆಗಲ ಮೇಲೆ ಹೊಡೆದರು.

ನಾನು ಮನುಷ್ಯರನ್ನು ಹೊಡೆಯುವುದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಸದ್ದು ಹಸಿ ಕಟ್ಟಿಗೆ ಒಡೆದ ಹಾಗೆ ಬಂತು. ಅವನು ಮೊಣಕಾಲೂರಿದ. ಎರಡನೇ ಏಟಿಗೆ ಅವನ ಬಾಯಿಂದ ರಕ್ತ ಬಂತು. ಕೈ ಅಡ್ಡ ಹಿಡಿದ, ಆ ಕೈಗೂ ಬಿತ್ತು. ಎಲುಬು ಮುರಿದದ್ದು ನನಗೆ ಕೇಳಿಸಿತು. ಆಮೇಲೆ ಅವನು ಕೈ ಅಡ್ಡ ಹಿಡಿಯಲಿಲ್ಲ. ತಲೆಯೊಂದನ್ನು ಬಿಟ್ಟು ಅತ್ತೆ ಎಲ್ಲ ಕಡೆಗೂ ಹೊಡೆದರು. ಬೆನ್ನಿಗೆ, ತೊಡೆಗೆ, ಪಕ್ಕೆಗೆ. ಅವರ ಸೊಟ್ಟ ಮಣಿಕಟ್ಟು ಪ್ರತಿ ಏಟಿಗೂ ಕಟಕ್ ಎನ್ನುತ್ತಿತ್ತು. ಸೆರಗು ಜಾರಿತ್ತು, ತುರುಬು ಬಿಚ್ಚಿತ್ತು. ನಾನು ಬಿಡಿಸಲು ಹೋದೆ. ಅವರ ಮುಖ ನೋಡಿ ನಿಂತೆ.

ಪ್ಯಾಸೆಂಜರ್ ಮುಗಿದಿತ್ತು. ಗೂಡ್ಸ್ ಮುಗಿಯುತ್ತಿರಲಿಲ್ಲ. ಡಬ್ಬಿ ಡಬ್ಬಿಯ ನಡುವಿನ ಸಂದಿಯಲ್ಲಿ ಆಚೆ ದಂಡೆಯ ಮೇಲೆ ನಿಂತ ನಮ್ಮವರು ತುಣುಕು ತುಣುಕಾಗಿ ಕಾಣುತ್ತಿದ್ದರು. ಒಂದು ಸಂದಿಯಲ್ಲಿ ಕುಡಗೋಲು, ಒಂದರಲ್ಲಿ ಬಾಯಿ ತೆರೆದ ಮುಖ. ಅವರಿಗೂ ನಾವು ಹಾಗೆಯೇ ಕಂಡಿರಬೇಕು: ಎತ್ತಿದ ಬಡಿಗೆ, ಬಿದ್ದ ಬಡಿಗೆ.

ಗಾಡಿ ದಾಟಿತು. ನಮ್ಮವರು ಎರಡೂ ಹಳಿ ಹಾರಿ ಕಟ್ಟೆ ಏರಿದರು. ಮೈಲಾರಲಿಂಗ ಬಿದ್ದಿದ್ದ, ಹೆಗಲ ಎಲುಬು ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು, ಬಾಯಿಂದ ಬಂದ ರಕ್ತ ಕಲ್ಲಿನ ಸಂದಿಗೆ ಹರಿಯುತ್ತಿತ್ತು. ಕಣ್ಣು ತೆರೆದಿದ್ದ. ಕುಡಗೋಲು ನೋಡಿ, ತಾನಾಗಿಯೇ ಕತ್ತನ್ನು ಆ ಕಡೆಗೆ ತಿರುಗಿಸಿದ.

ಅತ್ತೆ ಬಡಿಗೆ ಊರಿ ನಡುವೆ ನಿಂತಿದ್ದರು. ಏದುಸಿರು ಬಿಡುತ್ತಿದ್ದರು. “ನಿಂದೂ ಸೇರಿಸಿ ನಾನ ಹೊಡದೇನಿ” ಎಂದರು.

“ಸರೀ ಯವ್ವಾ” ಎಂದರು ನಮ್ಮವರು. ಸರಿ ಎಂಬ ಒಪ್ಪಿಗೆಯಲ್ಲ, ಪಕ್ಕಕ್ಕೆ ಸರಿ ಎಂಬ ಮಾತು.

“ಗಾಡಿ ಹೋತು” ಎಂದರು ಅತ್ತೆ, ಕೈ ಎತ್ತಿ ಸಿಗ್ನಲ್ ಕಂಬದ ಕಡೆ ತೋರಿಸಿ. “ಎರಡೂ ಹೋದುವು. ಪಾಳಿ ಕೇಳಬ್ಯಾಡ.”

ನಮ್ಮವರು ಆ ಕಡೆ ನೋಡಿದರು. ಪ್ಯಾಸೆಂಜರಿನ ಬೆನ್ನು ಸೇತುವೆಯ ಮೇಲೆ ಇನ್ನೂ ಕಾಣುತ್ತಿತ್ತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಆ ಕೈ ಕೆಳಗೆ ಬರಲಿಲ್ಲ, ಮೇಲಕ್ಕೂ ಏಳಲಿಲ್ಲ. ಇದೇ ಕಟ್ಟೆಯ ಮೇಲೆ ಆಡಿ ಬೆಳೆದವರು ಅವರು. ಹಮಾಲರು ಒಬ್ಬರನ್ನೊಬ್ಬರು ಕೊಲ್ಲುವ ಹಾಗೆ ಬಯ್ದಾಡುತ್ತಿದ್ದದ್ದನ್ನೂ, ಗಾಡಿಯ ಬೆನ್ನು ಕಂಡ ಕೂಡಲೇ ಬೀಡಿ ಹಚ್ಚಿ ಕೂಡುತ್ತಿದ್ದದ್ದನ್ನೂ ದಿನವೂ ನೋಡಿದವರು. ಅವರು ಕಟ್ಟೆಯ ಅಂಚಿಗೆ ಕುಳಿತರು. ಅವರಿಗೆ ಬೀಡಿಯ ಚಟ ಇಲ್ಲ. ಕುಡಗೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

ನಾನು ಹೋಗಿ ಕುಡಗೋಲು ತೆಗೆದುಕೊಂಡೆ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಅತ್ತೆ ಬಡಿಗೆ ಒಗೆದು, ಅಣ್ಣನ ತೋಳಿನ ಕೆಳಗೆ ಕೈ ಹಾಕಿ ಎತ್ತಲು ನೋಡಿದರು. ಸೊಟ್ಟ ಮಣಿಕಟ್ಟು ಊದಿ ಗಡಿಗೆಯಂತಾಗಿತ್ತು, ಬೆರಳು ಮಡಚುತ್ತಿರಲಿಲ್ಲ. ಎರಡು ಸಲ ಎತ್ತಿದರು, ಎರಡು ಸಲವೂ ಅವನು ಜಾರಿ ಬಿದ್ದು ನರಳಿದ. ಮೂರನೆಯ ಸಲಕ್ಕೆ ನಮ್ಮವರು ಎದ್ದರು. ಅವ್ವನನ್ನು ಪಕ್ಕಕ್ಕೆ ಸರಿಸಿ, ಮಾವನನ್ನು ಎಲೆಯ ಬುಟ್ಟಿ ಎತ್ತುವ ಹಾಗೆ ಒಂದೇ ಏಟಿಗೆ ಹೆಗಲಿಗೆ ಹಾಕಿಕೊಂಡರು. ಮುರಿದ ಹೆಗಲೇ ಕೆಳಗಾಗಿತ್ತು. ಅವನು ಕಿರುಚಿದ. ಇವರು ಬದಲಿಸಲಿಲ್ಲ.

ಸವಣೂರಿನ ದವಾಖಾನೆಗೆ ನಮ್ಮ ಗಾಡಿಯಲ್ಲೇ ಹೋದೆವು. ಹಿಂದೆ ಮರುದಿನಕ್ಕೆ ತುಂಬಿದ್ದ ಎಲೆಯ ಬುಟ್ಟಿಗಳ ನಡುವೆ ಅತ್ತೆ ಅಣ್ಣನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತರು. ಹುಚ್ಚವ್ವನ ಮನೆಯಿಂದ ಕೂಸನ್ನು ತೆಗೆದುಕೊಂಡು ನಾನು ಮುಂದೆ ಕುಳಿತೆ, ಕುಡಗೋಲು ನನ್ನ ಕಾಲಕೆಳಗೆ. ಆ ರಸ್ತೆ ಹೇಗಿದೆ ಎಂದು ಹೋದವರಿಗೆ ಗೊತ್ತು. ನಮ್ಮವರು ಎಲೆ ತುಂಬಿಕೊಂಡು ಹೋಗುವಾಗ ಬಾಣಂತಿಯನ್ನು ಒಯ್ಯುವ ಹಾಗೆ ಓಡಿಸುವ ಮನುಷ್ಯ. ಅವತ್ತು ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ. ಹುಡುಕಿ ಹುಡುಕಿ ಹಾಕಿದರು. ಪ್ರತಿ ಗುಂಡಿಗೂ ಹಿಂದಿನಿಂದ ನರಳಿಕೆ ಬರುತ್ತಿತ್ತು. ಅತ್ತೆ ಒಮ್ಮೆಯೂ ಸಾವಕಾಶ ಹೊಡಿ ಅನ್ನಲಿಲ್ಲ. ಸವಣೂರಿನ ಅಗಸೆ ಬಾಗಿಲು ಕಾಣುವವರೆಗೆ ಹಾಗೇ ನಡೆಯಿತು. ಆಮೇಲೆ ಮಗಳು ಎದ್ದು ಅತ್ತಳು, ಇವರು ಗಾಡಿಯ ವೇಗ ಇಳಿಸಿದರು.

ದವಾಖಾನೆಯಲ್ಲಿ ಮೈಲಾರಲಿಂಗ ಊರ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯುವಾಗ ಬಿದ್ದೆ ಎಂದು ಬರೆಸಿದ. ಅಲ್ಲಿ ಗಾಡಿ ನಿಲ್ಲುವುದಿಲ್ಲವಲ್ಲ ಎಂದು ಕೇಳಿದ್ದಕ್ಕೆ, ನಿಲ್ಲುತ್ತಿತ್ತು ಎಂದ.

ಅವನ ಬಲಗೈ ಈಗ ಮೇಲಕ್ಕೆ ಏಳುವುದಿಲ್ಲ. ಗೊಜ್ಜಿಹಾಳದಲ್ಲಿ ದನ ಕಾಯುತ್ತಾನೆ, ಆಚೆ ದಂಡೆಗೆ ಬಂದಾಗ ಕಾಣುತ್ತಾನೆ. ಕಟ್ಟೆಗೆ ಬಂದಿಲ್ಲ. ನಮ್ಮವರು ಅವನ ಜೊತೆ ಮಾತಾಡಿಲ್ಲ, ಅವ್ವನ ಜೊತೆಗೂ ಎಷ್ಟೋ ದಿನ ಮಾತಾಡಲಿಲ್ಲ. ಕುಡಗೋಲು ನನ್ನ ಕೈಯಲ್ಲಿದೆ, ಎಮ್ಮೆಗೆ ಮೇವು ಕೊಯ್ಯಲು ಅದಕ್ಕಿಂತ ಹರಿತವಾದದ್ದು ಊರಿನಲ್ಲಿಲ್ಲ. ಅತ್ತೆಯ ಮಣಿಕಟ್ಟಿನ ಊತ ಪೂರ್ತಿ ಇಳಿಯಲಿಲ್ಲವಾದ್ದರಿಂದ ಈಗ ಕೂಸಿಗೆ ಎರೆಯುವುದು ನಾನೇ. ಅವರು ಪಕ್ಕದಲ್ಲಿ ಕುಳಿತು ನೀರು ಬಿಸಿಯಾಯಿತು, ಆರಿತು ಎಂದು ಹೇಳುತ್ತಿರುತ್ತಾರೆ. ನಾನು ತಂಬಿಗೆ ಎತ್ತಿದಾಗೆಲ್ಲ ಮಗಳು ಕಟಕ್ ಸದ್ದಿಗೆ ಕಿವಿಗೊಟ್ಟು, ಅತ್ತೆಯ ಕಡೆ ತಿರುಗಿ ನೋಡುತ್ತಾಳೆ.